ಕಿಯೋ ಪೆಟ್ಟಿಗೆಗೆ ಆಟ ತುಂಬುವವರು ಯಾರು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದೇ ತಿಂಗಳ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಮೇಲೆ ಆಟವಾಡುವವರ ಪಾಲು ಮೊದಲ ಬಾರಿಗೆ ಶೇ 3ರ ಗಡಿ ದಾಟಿ ಶೇ 3.05ಕ್ಕೆ ಮುಟ್ಟಿತು. ಮರುತಿಂಗಳು ಬೆಂಗಳೂರು ಟೆಕ್ ಸಮಿಟ್‌ನಲ್ಲಿ ಕರ್ನಾಟಕ ಸರ್ಕಾರ ‘ಕಿಯೋ’ ಎಂಬ ಪುಟ್ಟ ಕಂಪ್ಯೂಟರನ್ನು ಹೊರತಂದಿತು. ಬೆಲೆ 18,999 ರೂಪಾಯಿ. ಒಳಗೆ ಲಿನಕ್ಸ್ ಆಧಾರಿತ ಕಾರ್ಯಾಚರಣೆ ವ್ಯವಸ್ಥೆ, ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಪ್ರೊಸೆಸರ್, ಡಿಎಸ್‌ಇಆರ್‌ಟಿ ಪಠ್ಯ ಕಲಿತ ‘ಬುದ್ಧ್’ ಎಂಬ ಎಐ ಸಹಾಯಕ.

ಮೂರೂ ಸುದ್ದಿ ಬಿಡಿಬಿಡಿಯಾಗಿ ಬಂದವು. ಮನೆಗೆ ಕಂಪ್ಯೂಟರ್ ಕೊಳ್ಳಹೊರಟ ತಂದೆತಾಯಿಗೆ ಮಾತ್ರ ಇವು ಮೂರೂ ಒಂದೇ ಪ್ರಶ್ನೆಯಾಗಿ ಎದುರಾಗುತ್ತವೆ. ಅಂಗಡಿಯಲ್ಲಿ ಮಗ ಅಥವಾ ಮಗಳು ಕೇಳುವ ಪ್ರಶ್ನೆಯೂ ಅದೇ: ‘ಇದರಲ್ಲಿ ಗೇಮ್ ಆಡಬಹುದಾ?’

ಓದಿಗೆಂದು ತಂದ ಯಂತ್ರದಲ್ಲಿ ಆಟದ ಮಾತೇಕೆ ಎಂದು ಗದರಿಸಿ ಮುಗಿಸುವುದು ಸುಲಭ. ಆದರೆ ಕಂಪ್ಯೂಟರಿಗೆ ಆಟದಷ್ಟು ಕಠಿಣ ಪರೀಕ್ಷೆ ಇನ್ನೊಂದಿಲ್ಲ. ಗ್ರಾಫಿಕ್ಸ್, ಧ್ವನಿ, ಮೆಮೊರಿ, ಶಾಖ, ನೆಟ್‌ವರ್ಕ್ ಎಲ್ಲವೂ ಏಕಕಾಲಕ್ಕೆ ಸರಿಯಾಗಿ ದುಡಿದರಷ್ಟೇ ಆಟ ಓಡುತ್ತದೆ. ಆಟ ಓಡುವ ಯಂತ್ರದಲ್ಲಿ ಪಾಠ ಓಡಿಯೇ ಓಡುತ್ತದೆ. ಜೊತೆಗೆ, ನಮ್ಮ ತಲೆಮಾರಿನ ಬಹಳಷ್ಟು ಎಂಜಿನಿಯರುಗಳು ಕಂಪ್ಯೂಟರ್ ಮುಂದೆ ಮೊದಲು ಕುಳಿತದ್ದು ಆಟಕ್ಕಾಗಿಯೇ ಹೊರತು ಪ್ರೋಗ್ರಾಮಿಂಗ್‌ಗಾಗಿ ಅಲ್ಲ. ಹೀಗಾಗಿ ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು. ನನ್ನ ಉತ್ತರ ಇಷ್ಟು: ಆಟ ಓಡುವುದೋ ಇಲ್ಲವೋ ಎಂಬುದನ್ನು ಚಿಪ್ ಒಂದೇ ನಿರ್ಧರಿಸುವುದಿಲ್ಲ. ಆ ಚಿಪ್‌ಗೆ ತಂತ್ರಾಂಶವನ್ನು ಕಟ್ಟಿ, ಪೊಟ್ಟಣ ಮಾಡಿ, ವರ್ಷಗಟ್ಟಲೆ ನೋಡಿಕೊಳ್ಳುವವರು ಯಾರು ಎಂಬುದು ಅದಕ್ಕಿಂತ ಮುಖ್ಯ. ಕಿಯೋ ಕುರಿತ ಚರ್ಚೆಯಲ್ಲಿ ಈ ಮಾತು ಇನ್ನೂ ಸಾಕಷ್ಟು ಕೇಳಿಬಂದಿಲ್ಲ.

ಲಿನಕ್ಸ್‌ಗೆ ಆಟ ಬಂದ ದಾರಿ

ವಿಂಡೋಸ್‌ಗೆಂದು ಬರೆದ ತಂತ್ರಾಂಶವನ್ನು ಲಿನಕ್ಸ್ ಮೇಲೆ ಓಡಿಸುವ ‘ವೈನ್’ ಯೋಜನೆ ಶುರುವಾದದ್ದು 1993ರಲ್ಲಿ. ಆಟಗಳ ಬಹುದೊಡ್ಡ ಅಂಗಡಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿ 2015ರಲ್ಲಿ ಲಿನಕ್ಸ್ ಆಧಾರಿತ ‘ಸ್ಟೀಮ್ ಮಷೀನ್’ಗಳನ್ನು ಮಾರುಕಟ್ಟೆಗೆ ತಂದಿತು, ಅವು ನಡೆಯಲಿಲ್ಲ. ಯಂತ್ರ ಕಳಪೆ ಎಂದಲ್ಲ, ಅದರ ಮೇಲೆ ಓಡುವ ಆಟಗಳು ತೀರಾ ಕಡಿಮೆ ಇದ್ದವು. ಆಟ ತಯಾರಿಸುವವರು ಲಿನಕ್ಸ್‌ಗೆಂದೇ ಪ್ರತ್ಯೇಕ ಆವೃತ್ತಿ ಮಾಡಿಕೊಡಲಿ ಎಂದು ಕಾದದ್ದೇ ಸೋಲಿಗೆ ಕಾರಣವಾಯಿತು.

ವಾಲ್ವ್ ಆ ಬಳಿಕ ದಾರಿ ಬದಲಿಸಿತು. 2018ರ ಆಗಸ್ಟ್‌ನಲ್ಲಿ ವೈನ್ ಆಧರಿಸಿದ ‘ಪ್ರೋಟಾನ್’ ಹೊರಬಂತು. ಆಟ ವಿಂಡೋಸ್‌ನದ್ದೇ, ನಡುವೆ ಅನುವಾದ ಮಾಡುವ ಪದರ ಮಾತ್ರ ಲಿನಕ್ಸ್‌ನದ್ದು. ಆಡುವವನು ಗುಂಡಿ ಒತ್ತಿದರೆ ಸಾಕು, ಒಳಗಿನ ಜೋಡಣೆಯನ್ನೆಲ್ಲ ಸ್ಟೀಮ್ ನೋಡಿಕೊಳ್ಳುತ್ತದೆ. ಈ ತಳಪಾಯ ಗಟ್ಟಿಯಾದ ಮೇಲೆಯೇ, 2022ರ ಫೆಬ್ರುವರಿಯಲ್ಲಿ, ಕೈಯಲ್ಲಿ ಹಿಡಿದು ಆಡುವ ‘ಸ್ಟೀಮ್ ಡೆಕ್’ ಬಂದು ಗೆದ್ದಿತು. 2025ರ ನವೆಂಬರ್‌ನಲ್ಲಿ ಅದೇ ಕಂಪನಿ ಸ್ಟೀಮ್ ಮಷೀನ್ ಹೆಸರನ್ನೇ ಮತ್ತೆ ಎತ್ತಿಕೊಂಡು ಹೊಸ ಯಂತ್ರ ಘೋಷಿಸಿತು. ಹತ್ತು ವರ್ಷದಲ್ಲಿ ಬದಲಾದದ್ದು ತಂತ್ರಾಂಶವನ್ನು ಬಳಕೆದಾರನ ಮನೆಗೆ ಮುಟ್ಟಿಸುವ ಕ್ರಮ.

ಎಲ್ಲ ಆಟವೂ ಓಡುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆನ್‌ಲೈನ್ ಆಟಗಳಲ್ಲಿ ಮೋಸ ತಡೆಯಲೆಂದು ಕಂಪನಿಗಳು ಕಾರ್ಯಾಚರಣೆ ವ್ಯವಸ್ಥೆಯ ತೀರಾ ಒಳಗೆ ಕಾವಲು ತಂತ್ರಾಂಶ ಇಡುತ್ತವೆ. ವ್ಯಾಲೊರಂಟ್ ಈ ಕಾರಣಕ್ಕೇ ಲಿನಕ್ಸ್ ಮೇಲೆ ಓಡದು. ಏಪೆಕ್ಸ್ ಲೆಜೆಂಡ್ಸ್ ಆಟ ಮೊದಲು ಓಡುತ್ತಿತ್ತು, 2024ರ ಅಕ್ಟೋಬರ್ ಕೊನೆಯಲ್ಲಿ ಇಎ ಕಂಪನಿ ಲಿನಕ್ಸ್ ಬಳಕೆದಾರರಿಗೆ ಬಾಗಿಲು ಹಾಕಿತು. ಮಗನ ಗೆಳೆಯರೆಲ್ಲ ಆಡುವುದು ಇಂಥದ್ದೇ ಒಂದು ಆಟವಾಗಿದ್ದರೆ, ಲಿನಕ್ಸ್ ಯಂತ್ರ ಕೊಳ್ಳುವ ಮೊದಲೇ ಅದನ್ನು ಹೇಳಿಬಿಡುವುದು ಒಳ್ಳೆಯದು.

ಯಂತ್ರದ ಆಯ್ಕೆ

ಸ್ಟೀಮ್ ಡೆಕ್ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕಿಲ್ಲ. ಹೊರಗಿನಿಂದ ತರಿಸಿ ಮಾರುವವರಿದ್ದಾರೆ, ಆದರೆ ಕೆಟ್ಟರೆ ಇಲ್ಲಿ ಕಂಪನಿಯ ವಾರಂಟಿ ಸಿಗದು. 2025ರ ಕೊನೆಯಿಂದ ಎಐ ದತ್ತಾಂಶ ಕೇಂದ್ರಗಳ ಹಸಿವಿನಿಂದ ಮೆಮೊರಿ ಬೆಲೆ ಗಗನಕ್ಕೇರಿದೆ. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ‘ಕ್ರೂಷಿಯಲ್’ ಹೆಸರಲ್ಲಿ ಮಾರುತ್ತಿದ್ದ ವ್ಯವಹಾರದಿಂದಲೇ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ಇಂಥ ಹೊತ್ತಿನಲ್ಲಿ ಹೊಸ ಗೇಮಿಂಗ್ ಪಿಸಿ ಕಟ್ಟಿಸುವುದು ಮಧ್ಯಮ ವರ್ಗಕ್ಕೆ ಭಾರವೇ.

ಹಾಗಾದರೆ ಉಳಿಯುವುದು ಹಳೆಯ ಯಂತ್ರ. ವಿಂಡೋಸ್ 11 ಬೇಡುವ ಟಿಪಿಎಂ 2.0, ಎಂಟನೇ ತಲೆಮಾರಿನ ಪ್ರೊಸೆಸರ್ ಇತ್ಯಾದಿ ಷರತ್ತುಗಳಿಂದ ಕಚೇರಿಗಳು ಹೊರಹಾಕುವ ಲ್ಯಾಪ್‌ಟಾಪ್‌ಗಳು ಪುಣೆಯ ತಪಕೀರ್ ಗಲ್ಲಿಯಿಂದ ಬೆಂಗಳೂರಿನ ಎಸ್.ಪಿ. ರಸ್ತೆವರೆಗೆ ರಾಶಿ ಬೀಳುತ್ತಿವೆ. ಅವುಗಳಲ್ಲಿ ಲಿನಕ್ಸ್ ಚೆನ್ನಾಗಿಯೇ ನಡೆಯುತ್ತದೆ. ಆರಿಸುವಾಗ ನಾನು ಮೊದಲು ನೋಡುವುದು ಗ್ರಾಫಿಕ್ಸ್ ಯಾರದ್ದು ಎಂಬುದನ್ನು. ಎಎಂಡಿ ಅಥವಾ ಇಂಟೆಲ್ ಆದರೆ ಒಳ್ಳೆಯದು, ಎನ್ವಿಡಿಯಾ ಆದರೆ ಎರಡು ಬಾರಿ ಯೋಚಿಸುತ್ತೇನೆ.

ಇದು ಅಭಿಮಾನದ ಮಾತಲ್ಲ. ಎಎಂಡಿ, ಇಂಟೆಲ್‌ಗಳ ಡ್ರೈವರ್ ಲಿನಕ್ಸ್ ಕರ್ನೆಲ್ ಮತ್ತು ‘ಮೇಸಾ’ ಎಂಬ ಮುಕ್ತ ಗ್ರಂಥಾಲಯದೊಳಗೇ ಇದೆ. ಎನ್ವಿಡಿಯಾದ ಸಾಮಾನ್ಯ ಡ್ರೈವರ್ ಕಂಪನಿಯ ಕೈಯಲ್ಲಿದೆ. 2016ರಲ್ಲಿ ಬಂದು ನಮ್ಮಲ್ಲಿ ಮನೆಮಾತಾಗಿದ್ದ ಜಿಟಿಎಕ್ಸ್ 1060 ಸೇರಿದಂತೆ ಆ ತಲೆಮಾರಿನ ಕಾರ್ಡುಗಳನ್ನು ಎನ್ವಿಡಿಯಾ ತನ್ನ 590 ಡ್ರೈವರ್ ಸರಣಿಯಿಂದ ಕೈಬಿಟ್ಟಿತು. ಅತ್ತ 2012ರ ಸುಮಾರಿನ ರೇಡಿಯಾನ್ ಎಚ್‌ಡಿ 7000 ಸಾಲಿನ ಕಾರ್ಡುಗಳು ಲಿನಕ್ಸ್ 6.19ರಲ್ಲಿ ಹೊಸ ಡ್ರೈವರ್‌ಗೆ ಬಡ್ತಿ ಪಡೆದವು. ಆ ಕೆಲಸವನ್ನು ಎಎಂಡಿ ಮಾಡಲಿಲ್ಲ. ವಾಲ್ವ್‌ಗೆ ಕೆಲಸ ಮಾಡುವ ಎಂಜಿನಿಯರ್ ಒಬ್ಬರು ಮಾಡಿದರು, ಏಕೆಂದರೆ ಸಂಕೇತ ತೆರೆದಿತ್ತು. ಹದಿಮೂರು ವರ್ಷದ ಕಾರ್ಡಿಗೆ ಮರುಜೀವ, ಒಂಬತ್ತು ವರ್ಷದ್ದಕ್ಕೆ ನಿವೃತ್ತಿ! ಯಂತ್ರದ ಆಯುಷ್ಯ ಅದರ ತಂತ್ರಾಂಶವನ್ನು ನೋಡಿಕೊಳ್ಳುವವರ ಕೈಯಲ್ಲಿದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೂಡು ಅಡುಗೆಮನೆ, ಬುತ್ತಿಗಂಟು

ಇನ್ನು ತಂತ್ರಾಂಶದ ಪೊಟ್ಟಣಗಳ ವಿಚಾರ. ವಿಂಡೋಸ್‌ನಲ್ಲಿ ‘ಸೆಟಪ್’ ಕಡತ ಒತ್ತಿ ರೂಢಿಯಾದವರಿಗೆ ಲಿನಕ್ಸ್‌ನ ನಾಲ್ಕು ಬಗೆಯ ಪ್ಯಾಕೇಜ್‌ಗಳು ಗೊಂದಲ ಹುಟ್ಟಿಸುತ್ತವೆ.

ಡೆಬಿಯನ್, ಉಬುಂಟುಗಳ ‘ಡೆಬ್’ ಕೂಡುಕುಟುಂಬದ ಅಡುಗೆಮನೆಯಂತೆ. ಒಂದು ಗ್ರಂಥಾಲಯವನ್ನು ಒಮ್ಮೆ ಹಾಕಿದರೆ ಎಲ್ಲ ತಂತ್ರಾಂಶಗಳೂ ಅದನ್ನೇ ಹಂಚಿಕೊಳ್ಳುತ್ತವೆ. ಜಾಗ ಉಳಿಯುತ್ತದೆ, ಒಂದು ಕಡೆ ಭದ್ರತಾ ದೋಷ ಸರಿಪಡಿಸಿದರೆ ಎಲ್ಲರಿಗೂ ಸರಿಯಾಗುತ್ತದೆ. ಆದರೆ ಅಡುಗೆಮನೆಯಲ್ಲಿ ಒಂದು ಪಾತ್ರೆ ಬದಲಾದರೆ ಇನ್ನೊಬ್ಬರ ಅಡುಗೆ ಕೆಡಬಹುದು. ‘ಫ್ಲ್ಯಾಟ್‌ಪ್ಯಾಕ್’ ಬುತ್ತಿ ಕಟ್ಟಿಕೊಂಡು ಬರುವವರಂತೆ. ತನಗೆ ಬೇಕಾದುದನ್ನು ತಾನೇ ತರುತ್ತದೆ, ಬೇರೆಯವರ ತಟ್ಟೆಗೆ ಕೈ ಹಾಕದಂತೆ ಬೇಲಿಯೊಳಗೆ ಓಡುತ್ತದೆ. ಅದರ ಮುಖ್ಯ ಮಳಿಗೆ ಫ್ಲ್ಯಾಟ್‌ಹಬ್. ‘ಸ್ನ್ಯಾಪ್’ ಕೂಡ ಇದೇ ಜಾತಿ, ಆದರೆ ಮಳಿಗೆಯ ಬೀಗ ಉಬುಂಟುವಿನ ಮಾತೃಸಂಸ್ಥೆ ಕ್ಯಾನೊನಿಕಲ್ ಒಂದರ ಕೈಯಲ್ಲೇ ಇದೆ. ‘ಆ್ಯಪ್‌ಇಮೇಜ್’ ಒಂದೇ ಕಡತದ ಗಂಟು. ಇಳಿಸಿಕೊಂಡು ಒತ್ತಿದರಾಯಿತು, ಮುಂದೆ ಹೊಸ ಆವೃತ್ತಿ ಬಂದಿದೆಯೇ ಎಂದು ಸಾಮಾನ್ಯವಾಗಿ ನಾವೇ ನೋಡಿಕೊಳ್ಳಬೇಕು.

ಯಾವುದು ಮೇಲು ಎಂಬ ಜಗಳ ಲಿನಕ್ಸ್ ವಲಯದಲ್ಲಿ ಮುಗಿಯುವಂಥದ್ದಲ್ಲ. ಈಚಿನ ಮೂರು ಪ್ರಸಂಗಗಳನ್ನು ನೋಡಿದರೆ ಜಗಳದ ತಿರುಳು ತಿಳಿಯುತ್ತದೆ. 2024ರ ಜನವರಿಯಲ್ಲಿ ವಾಲ್ವ್‌ನ ಎಂಜಿನಿಯರ್ ಟಿಮೊತೆ ಬೆಸೆ, ಸ್ಟೀಮ್‌ನ ಸ್ನ್ಯಾಪ್ ಪೊಟ್ಟಣದಿಂದ ತೊಂದರೆಗಳು ಹೆಚ್ಚುತ್ತಿವೆ, ತಮ್ಮದೇ ಡೆಬ್ ಬಳಸಿ ಎಂದು ಬಹಿರಂಗವಾಗಿ ಹೇಳಬೇಕಾಯಿತು. ಆ ಸ್ನ್ಯಾಪ್ ಅನ್ನು ವಾಲ್ವ್ ಮಾಡಿರಲಿಲ್ಲ, ದೂರು ಮಾತ್ರ ವಾಲ್ವ್‌ಗೆ ಹೋಗುತ್ತಿತ್ತು. 2025ರ ಫೆಬ್ರುವರಿಯಲ್ಲಿ, ಆಟವನ್ನು ರೆಕಾರ್ಡ್ ಮಾಡಿ ಪ್ರಸಾರ ಮಾಡಲು ಬಳಸುವ ಒಬಿಎಸ್ ಸ್ಟುಡಿಯೊದ ತಂಡ, ಫೆಡೋರಾ ಮಾಡಿಕೊಟ್ಟ ಫ್ಲ್ಯಾಟ್‌ಪ್ಯಾಕ್ ಸರಿಯಾಗಿಲ್ಲ, ತಮ್ಮ ಹೆಸರು ತೆಗೆಯಿರಿ ಎಂದು ಕಾನೂನು ಕ್ರಮದ ಎಚ್ಚರಿಕೆಯನ್ನೇ ಕೊಟ್ಟಿತು. ಅದೇ ವರ್ಷ ಜೂನ್‌ನಲ್ಲಿ ಫೆಡೋರಾದೊಳಗೆ 32 ಬಿಟ್ ಪ್ಯಾಕೇಜ್‌ಗಳನ್ನು ಕೈಬಿಡುವ ಪ್ರಸ್ತಾವ ಬಂತು. ಸ್ಟೀಮ್ ಮತ್ತು ಹಳೆಯ ಆಟಗಳು ಇಂದಿಗೂ ಅವುಗಳನ್ನು ನೆಚ್ಚಿಕೊಂಡಿವೆ. ಹಾಗಾದರೆ ನಮ್ಮ ಯೋಜನೆಯನ್ನೇ ಮುಚ್ಚಬೇಕಾಗುತ್ತದೆ ಎಂದು ಫೆಡೋರಾ ಆಧರಿಸಿದ ಆಟಗಾರರ ಲಿನಕ್ಸ್ ‘ಬಝೈಟ್’ನ ಸ್ಥಾಪಕರು ಹೇಳಿದರು. ಕೆಲವೇ ದಿನಗಳಲ್ಲಿ ಪ್ರಸ್ತಾವ ವಾಪಸಾಯಿತು.

ಮೂರರಲ್ಲೂ ಪ್ರಶ್ನೆ ಒಂದೇ. ಪೊಟ್ಟಣ ಕಟ್ಟಿದವರು ಒಬ್ಬರು, ಒಳಗಿನ ಸರಕು ಇನ್ನೊಬ್ಬರದ್ದು. ಕೆಟ್ಟರೆ ಹೊಣೆ ಯಾರದ್ದು?

ನನ್ನ ಆಯ್ಕೆ ಈ ಹೊಣೆಯನ್ನು ನೋಡಿಯೇ ನಿಂತಿದೆ. ಸ್ಟೀಮ್ ಬೇಕಾದರೆ ವಾಲ್ವ್ ಕೊಡುವ ಡೆಬ್. ಒಬಿಎಸ್ ಬೇಕಾದರೆ ಆ ತಂಡವೇ ಫ್ಲ್ಯಾಟ್‌ಹಬ್‌ನಲ್ಲಿಟ್ಟ ಫ್ಲ್ಯಾಟ್‌ಪ್ಯಾಕ್. ಬ್ರೌಸರ್, ಕಚೇರಿ ತಂತ್ರಾಂಶ, ಫಾಂಟ್, ಕೀಲಿಮಣೆಗಳಿಗೆ ವಿತರಣೆಯ ಸ್ವಂತ ಭಂಡಾರ. ಮಳಿಗೆಯಲ್ಲಿದೆ ಎಂದ ಮಾತ್ರಕ್ಕೆ ನಂಬುವಂತಿಲ್ಲ. 2024ರ ಫೆಬ್ರುವರಿಯಲ್ಲಿ ಸ್ನ್ಯಾಪ್ ಮಳಿಗೆಯಲ್ಲಿದ್ದ ನಕಲಿ ವ್ಯಾಲೆಟ್ ತಂತ್ರಾಂಶವನ್ನು ನಂಬಿ ಒಬ್ಬರು 9 ಬಿಟ್‌ಕಾಯಿನ್ ಕಳೆದುಕೊಂಡರು.

ಗಾತ್ರದ ಲೆಕ್ಕವೂ ಇದೆ. ಪುಣೆ-ಬೆಂಗಳೂರು ಹೆದ್ದಾರಿಯಿಂದ ಒಳಕ್ಕೆ ತಿರುಗಿ ಬರಬೇಕಾದ ಭೋರ್‌ನಂಥ ಊರಲ್ಲಿ ಬ್ರಾಡ್‌ಬ್ಯಾಂಡ್ ಕೈಕೊಟ್ಟ ದಿನ ಗತಿ ಮೊಬೈಲ್ ಡೇಟಾವೇ, ಅದೂ ದಿನಕ್ಕಿಷ್ಟು ಎಂಬ ಮಿತಿಯಲ್ಲಿ. ಫ್ಲ್ಯಾಟ್‌ಪ್ಯಾಕ್‌ನ ಮೊದಲ ತಂತ್ರಾಂಶ ಹಾಕುವಾಗ ಅದರ ತಳಹದಿಯೇ ನೂರಾರು ಎಂಬಿ ಇಳಿಯುತ್ತದೆ. ಎನ್ವಿಡಿಯಾ ಕಾರ್ಡಿದ್ದರೆ ಅದೇ ಡ್ರೈವರ್‌ನ ಇನ್ನೊಂದು ಪ್ರತಿ ಬೇಲಿಯೊಳಗೂ ಬೇಕು. ಡ್ರೈವರ್ ಆವೃತ್ತಿ ಬದಲಾದಾಗ ಅದೂ ಮತ್ತೆ ಇಳಿಯುತ್ತದೆ. ಕೋರಮಂಗಲದಲ್ಲಿ ಗಮನಕ್ಕೇ ಬಾರದ ಈ ಲೆಕ್ಕ ದೇವದುರ್ಗದಲ್ಲಿ, ಹನೂರಿನಲ್ಲಿ ದೊಡ್ಡದಾಗುತ್ತದೆ.

ಕಿಯೋ ಎದುರಿನ ಗೋಡೆ

ಈಗ ಕಿಯೋಗೆ ಬರೋಣ. ನಮ್ಮ ಮನೆಗಳ ಕಂಪ್ಯೂಟರುಗಳಲ್ಲಿ ಬಹುಪಾಲು ಎಕ್ಸ್86 ಎಂಬ ಯಂತ್ರಭಾಷೆಯವು, ಫೋನುಗಳು ಆರ್ಮ್ ಭಾಷೆಯವು. ಕಿಯೋದ ರಿಸ್ಕ್-ಫೈವ್ ಮೂರನೆಯದು. ಇದರ ವಿನ್ಯಾಸಕ್ಕೆ ಯಾರಿಗೂ ಪರವಾನಗಿ ಶುಲ್ಕ ಕಟ್ಟಬೇಕಿಲ್ಲ. ಐಐಟಿ ಮದ್ರಾಸಿನ ‘ಶಕ್ತಿ’, ಸಿ-ಡ್ಯಾಕ್‌ನ ‘ವೇಗ’ ಪ್ರೊಸೆಸರುಗಳೂ ಇದೇ ದಾರಿಯವು. ದೂರದೃಷ್ಟಿಯಿಂದ ನೋಡಿದರೆ ಸರ್ಕಾರದ ಆಯ್ಕೆ ಸರಿಯೇ.

ಆದರೆ ಒಂದು ಯಂತ್ರಭಾಷೆಗೆ ಕಟ್ಟಿದ ಪೊಟ್ಟಣ ಇನ್ನೊಂದರಲ್ಲಿ ತೆರೆಯುವುದಿಲ್ಲ. ಸ್ಟೀಮ್‌ಗೆ ರಿಸ್ಕ್-ಫೈವ್ ಆವೃತ್ತಿ ಇಲ್ಲ. ಫ್ಲ್ಯಾಟ್‌ಹಬ್ ಪೊಟ್ಟಣ ಕಟ್ಟುವುದು ಎಕ್ಸ್86 ಮತ್ತು ಆರ್ಮ್‌ಗಳಿಗೆ ಮಾತ್ರ. ಆ್ಯಪ್‌ಇಮೇಜ್‌ಗಳಲ್ಲಿ ಹೆಚ್ಚಿನವು ಎಕ್ಸ್86ಗೆ. ಪ್ರೋಟಾನ್ ವಿಂಡೋಸ್ ಕರೆಗಳನ್ನು ಲಿನಕ್ಸ್ ಕರೆಗಳಾಗಿಸುತ್ತದೆ ನಿಜ, ಯಂತ್ರಭಾಷೆಯ ಅನುವಾದ ಅದರ ಕೆಲಸವಲ್ಲ. ಅದಕ್ಕೆ ಇನ್ನೊಂದು ಪದರ ಬೇಕು. ಆರ್ಮ್‌ಗಾಗಿ ಅಂಥ ಪದರವಾದ ‘ಫೆಕ್ಸ್’ ಅನ್ನು ವಾಲ್ವ್ ಹಣ ಸುರಿದು ಬೆಳೆಸುತ್ತಿದೆ, ಏಕೆಂದರೆ ಅದರ ಹೊಸ ಕನ್ನಡಕಯಂತ್ರ ‘ಸ್ಟೀಮ್ ಫ್ರೇಮ್’ ಆರ್ಮ್ ಚಿಪ್ ಮೇಲೆ ನಡೆಯುತ್ತದೆ. ರಿಸ್ಕ್-ಫೈವ್‌ಗೆ ಅಂಥ ಸಿರಿವಂತ ಪೋಷಕರು ಇನ್ನೂ ಸಿಕ್ಕಿಲ್ಲ. ‘ಬಾಕ್ಸ್64’ ಎಂಬ ಮುಕ್ತ ಯೋಜನೆ 2024ರಲ್ಲಿ ರಿಸ್ಕ್-ಫೈವ್ ಮೇಲೆ ‘ವಿಚರ್ 3’ ಆಟವನ್ನು ಓಡಿಸಿ ತೋರಿಸಿತು. ಬಳಸಿದ್ದು 64 ಕೋರ್‌ಗಳ ಯಂತ್ರ, ಜೊತೆಗೆ ಪ್ರತ್ಯೇಕ ರೇಡಿಯಾನ್ ಕಾರ್ಡ್. ಸಿಕ್ಕಿದ್ದು ಸೆಕೆಂಡಿಗೆ ಹೆಚ್ಚೆಂದರೆ 15 ಚೌಕಟ್ಟು. ಸಾಧನೆ ದೊಡ್ಡದು, ಆದರೆ ನಾಲ್ಕು ಕೋರ್‌ಗಳ ಕಿಯೋದಿಂದ ಅಂಥದ್ದನ್ನು ನಿರೀಕ್ಷಿಸುವುದು ಅನ್ಯಾಯ.

ಹಾಗೆಂದು ಬಾಗಿಲು ಮುಚ್ಚಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಮೊದಲ ಬಾರಿಗೆ ರಿಸ್ಕ್-ಫೈವ್‌ಗೆ ಅಧಿಕೃತ ಬೆಂಬಲ ಕೊಟ್ಟಿತು. ಡೆಬಿಯನ್ ತನ್ನ ಭಂಡಾರದ ತಂತ್ರಾಂಶವನ್ನು ಮೂಲಸಂಕೇತದಿಂದಲೇ ಪ್ರತಿಯೊಂದು ಯಂತ್ರಭಾಷೆಗೂ ತಾನೇ ಕಟ್ಟುತ್ತದೆ. ಹಳತು ಎಂದು ಹೀಗಳೆಯುವ ಕೂಡು ಅಡುಗೆಮನೆಯೇ ಹೊಸ ಚಿಪ್‌ಗೆ ಮೊದಲು ಬಡಿಸಿದ್ದು! ಸೂಪರ್‌ಟಕ್ಸ್‌ಕಾರ್ಟ್, ಬ್ಯಾಟಲ್ ಫಾರ್ ವೆಸ್ನಾತ್, ಚಿಕ್ಕ ಮಕ್ಕಳ ಜಿಕಾಂಪ್ರಿ, ಟಕ್ಸ್ ಪೇಂಟ್ ಇವೆಲ್ಲ ಮೂಲಸಂಕೇತ ತೆರೆದಿರುವ ಆಟಗಳು. ಕಟ್ಟಿ, ಚಿಪ್‌ಗೆ ಹೊಂದಿಸಿ, ಪರೀಕ್ಷಿಸಿ ಕೊಡುವವರಿದ್ದರೆ ಮಗುವಿಗೆ ಆಟ ಉಂಟು.

ಅದೇ ಹೊತ್ತಿಗೆ ಒಂದು ಎಚ್ಚರಿಕೆಯ ಗಂಟೆಯೂ ಬಾರಿಸಿತು. 2025ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 25.10, ‘ಆರ್‌ವಿಎ23’ ಎಂಬ ಹೊಸ ಮಟ್ಟಕ್ಕಿಂತ ಕೆಳಗಿನ ರಿಸ್ಕ್-ಫೈವ್ ಚಿಪ್‌ಗಳಿಗೆ ಬೆಂಬಲ ನಿಲ್ಲಿಸಿತು. ಆಗ ಮಾರುಕಟ್ಟೆಯಲ್ಲಿದ್ದ ಬೋರ್ಡುಗಳಲ್ಲಿ ಬಹುತೇಕ ಎಲ್ಲವೂ ಆ ಮಟ್ಟಕ್ಕಿಂತ ಕೆಳಗಿನವು. ಅವು ಹಳೆಯ 24.04 ಆವೃತ್ತಿಯಲ್ಲೇ ಉಳಿಯಬೇಕು. ಅಂದರೆ ಮುಕ್ತ ವಿನ್ಯಾಸದ ಚಿಪ್ ಕೂಡ ನಾಲ್ಕಾರು ವರ್ಷಕ್ಕೆ ಅನಾಥವಾಗಬಹುದು. ವಿಂಡೋಸ್ 10 ನಿಂತಾಗ ಮೈಕ್ರೋಸಾಫ್ಟ್ ಅನ್ನು ಬೈದೆವು. ಕಿಯೋಗೆ ಅಪ್‌ಡೇಟ್ ನಿಂತ ದಿನ ಕೇಳುವುದು ಯಾರನ್ನು?

ಕಾಸರಗೋಡಿನಲ್ಲಿ ಉತ್ತರವಿದೆ

ಇದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಿಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಸುಮಾರು ಎರಡು ದಶಕದಿಂದ ಲಿನಕ್ಸ್ ನಡೆಯುತ್ತಿದೆ. ಐಟಿ@ಸ್ಕೂಲ್ ಯೋಜನೆಯಾಗಿ ಶುರುವಾದದ್ದು 2017ರಲ್ಲಿ ‘ಕೈಟ್’ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಟಿ ಪಾಠ ಕಲಿಯುವುದು ಇದರಲ್ಲೇ, ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಇದರಿಂದ ಪರವಾನಗಿ ವೆಚ್ಚದಲ್ಲಿ ಸುಮಾರು 3,000 ಕೋಟಿ ರೂಪಾಯಿ ಉಳಿಯುತ್ತದೆ ಎಂದು 2019ರಲ್ಲಿ ಕೇರಳ ಹೇಳಿಕೊಂಡಿತ್ತು.

ಕೇರಳ ಹೊಸ ಚಿಪ್ ಮಾಡಲಿಲ್ಲ, ಹೊಸ ಪೆಟ್ಟಿಗೆಯನ್ನೂ ಮಾಡಲಿಲ್ಲ. ಉಬುಂಟುವಿನ ದೀರ್ಘಾವಧಿ ಆವೃತ್ತಿಯನ್ನು ಹಿಡಿದು, ಪಾಠಕ್ಕೆ ಬೇಕಾದ ಜಿಯೋಜೀಬ್ರಾ, ಲಿಬ್ರೆಆಫೀಸ್, ಇಂಕ್‌ಸ್ಕೇಪ್‌ನಂಥ ತಂತ್ರಾಂಶಗಳನ್ನು ಮೊದಲೇ ತುಂಬಿ ಒಂದೇ ಪ್ರತಿಯಾಗಿ ಶಾಲೆಗಳಿಗೆ ಕೊಟ್ಟಿತು. ಶಿಕ್ಷಕರಿಗೆ ತರಬೇತಿ ಕೊಟ್ಟಿತು. ಪಠ್ಯ ಬದಲಾದಾಗ ಪೊಟ್ಟಣವೂ ಬದಲಾಯಿತು. ಕೆಟ್ಟರೆ ಯಾರನ್ನು ಕೇಳಬೇಕು ಎಂಬುದು ಪ್ರತಿ ಶಾಲೆಗೂ ಗೊತ್ತು. ಅಲ್ಲಿ ಮುಖ್ಯವಾದದ್ದು ನಿರ್ವಹಣೆ.

ಕನ್ನಡದ ಸರಕಿಗೂ ಕೊರತೆಯಿಲ್ಲ. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಮೂಲತಃ ರೂಪಿಸಿದ, ರೆಡ್ ಹ್ಯಾಟ್ ಮುಕ್ತವಾಗಿ ಬಿಟ್ಟ ‘ಲೋಹಿತ್ ಕನ್ನಡ’, ಕನ್ನಡಿಗರೇ ಮಾಡಿದ ‘ಗುಬ್ಬಿ’, ‘ನವಿಲು’ ಫಾಂಟ್‌ಗಳು ಡೆಬಿಯನ್ ಭಂಡಾರದಲ್ಲಿ ವರ್ಷಗಳಿಂದ ಇವೆ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೂ ಸಿಗುತ್ತದೆ. ಆದರೆ ಬೇಲಿಯೊಳಗೆ ಓಡುವ ಪೊಟ್ಟಣಗಳಲ್ಲಿ ಹೊರಗಿನ ಕೀಲಿಮಣೆ ಒಮ್ಮೊಮ್ಮೆ ಒಳಗೆ ಮುಟ್ಟುವುದಿಲ್ಲ, ಫಾಂಟ್ ಸಿಗದೆ ಅಕ್ಷರದ ಜಾಗದಲ್ಲಿ ಚೌಕ ಕಾಣುತ್ತದೆ. ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಪೊಟ್ಟಣ ಕಟ್ಟುವ ಕಡೆ ಕನ್ನಡ ಬಲ್ಲವರೊಬ್ಬರು ಕುಳಿತಿರಬೇಕು ಎನ್ನುವುದು ಇದಕ್ಕೇ.

ಕಿಯೋ ಹೊರತಂದ ಕಿಯೋನಿಕ್ಸ್ ಮತ್ತು ಐಟಿ-ಬಿಟಿ ಇಲಾಖೆ ನಾಲ್ಕು ಕೆಲಸ ಮಾಡಬಹುದು. ಒಂದು, ಈ ಯಂತ್ರಕ್ಕೆ ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಎಂಬುದನ್ನು ಪೆಟ್ಟಿಗೆಯ ಮೇಲೆ ಬೆಲೆಯ ಪಕ್ಕದಲ್ಲೇ ಅಚ್ಚು ಹಾಕುವುದು. ಎರಡು, ರಾಜ್ಯದೊಳಗೆ ಒಂದು ಪ್ಯಾಕೇಜ್ ಭಂಡಾರ ಇಟ್ಟು, ಇಂಟರ್ನೆಟ್ ದುರ್ಬಲವಾದ ಕಡೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಪೆನ್‌ಡ್ರೈವ್ ಮೂಲಕವೂ ಅಪ್‌ಡೇಟ್ ಸಿಗುವಂತೆ ಮಾಡುವುದು. ಮೂರು, ಕನ್ನಡದಲ್ಲಿ ಪರೀಕ್ಷಿಸಿದ ನೂರು ತಂತ್ರಾಂಶಗಳ ಪಟ್ಟಿಯೊಂದನ್ನು, ಅದರಲ್ಲಿ ಇಪ್ಪತ್ತಾದರೂ ಆಟಗಳಿರುವಂತೆ, ಸಿದ್ಧಪಡಿಸಿ ನಿರ್ವಹಿಸುವುದು. ನಾಲ್ಕು, ಆ ಕೆಲಸಕ್ಕೆ ಸಂಬಳ ಕೊಟ್ಟು ಒಂದು ಸಣ್ಣ ತಂಡ ನೇಮಿಸುವುದು. ಐದಾರು ಜನ ಸಾಕು. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಇದಕ್ಕಿಂತ ಉಪಯುಕ್ತವಾದದ್ದು ಸಿಗುವುದು ಕಷ್ಟ.

ಅಲ್ಲಿಯವರೆಗೆ, ಇಂದೇ ಕೊಳ್ಳಬೇಕು ಎನ್ನುವವರಿಗೆ ನನ್ನ ಸಲಹೆ ಸರಳ. ಮಗುವಿಗೆ ಆಟವೂ ಬೇಕು ಎಂದಾದರೆ, ಅಷ್ಟೇ ದುಡ್ಡಿಗೆ ಎಎಂಡಿ ಅಥವಾ ಇಂಟೆಲ್ ಗ್ರಾಫಿಕ್ಸ್ ಇರುವ, 8 ಜಿಬಿ ಮೆಮೊರಿಯ ಹಳೆಯ ಕಚೇರಿ ಲ್ಯಾಪ್‌ಟಾಪ್ ತನ್ನಿ. ಡೆಬಿಯನ್ ಅಥವಾ ಲಿನಕ್ಸ್ ಮಿಂಟ್ ಹಾಕಿಸಿ, ಸ್ಟೀಮ್‌ನ ಡೆಬ್ ಹಾಕಿ. ಹೊಸ ಭಾರೀ ಆಟಗಳು ಓಡಲಿಕ್ಕಿಲ್ಲ, ಐದಾರು ವರ್ಷ ಹಳೆಯ ಹಗುರ ಆಟಗಳಿಗೆ ಮೋಸವಿಲ್ಲ. ಕಿಯೋ ಕೊಳ್ಳುವವರು ಅಂಗಡಿಯಲ್ಲಿ ಎಐ ಬಗ್ಗೆ ಕೇಳುವ ಮೊದಲು ಈ ಎರಡು ಪ್ರಶ್ನೆ ಕೇಳಿ: ಇದಕ್ಕೆ ತಂತ್ರಾಂಶ ಎಲ್ಲಿಂದ ಬರುತ್ತದೆ? ಎಲ್ಲಿಯವರೆಗೆ ಬರುತ್ತದೆ?